ಹೋದ ವರ್ಷ ಪಾಸಾದವರು ಈಗ ಏನು ಮಾಡ್ತಿದ್ದಾರೆ?

ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ ನ್ಯಾಕ್‌ಗೆ ಕಾಲೇಜುಗಳು ಪ್ರತಿ ವರ್ಷ ಒಂದು ವರದಿ ಕಳಿಸಬೇಕು. ಎಕ್ಯೂಎಆರ್ ಅನ್ನುತ್ತಾರೆ. ಅದರ ಐದನೇ ಭಾಗದಲ್ಲಿ, ಆ ವರ್ಷ ಪಾಸಾಗಿ ಹೊರಗೆ ಹೋದ ಹುಡುಗ ಹುಡುಗಿಯರು ಏನಾದರು ಅಂತ ಬರೆಯಬೇಕು. ಅದಕ್ಕೆ ಎಕ್ಸೆಲ್ ಹಾಳೆಗಳಿವೆ. ನೌಕರಿ ಸಿಕ್ಕವರದು ಒಂದು ಹಾಳೆ. ಹೆಸರು, ಫೋನ್ ನಂಬರ್, ಓದಿದ ಕೋರ್ಸ್, ಕೆಲಸ ಕೊಟ್ಟವರ ಹೆಸರು ಮತ್ತು ವಿಳಾಸ, ಸೇರುವಾಗಿನ ಸಂಬಳ ಇಷ್ಟನ್ನೂ ಅದರಲ್ಲಿ ತುಂಬಬೇಕು. ಮುಂದೆ ಓದಲು ಹೋದವರದು ಇನ್ನೊಂದು ಹಾಳೆ. ಉಪನ್ಯಾಸಕರಾಗಲು ಬರೆಯುವ ನೆಟ್, ಸೆಟ್, ಇಲ್ಲವೇ ಸರ್ಕಾರಿ ನೌಕರಿಯ ಪರೀಕ್ಷೆ ಪಾಸಾದವರದು ಮತ್ತೊಂದು. ಪ್ರತಿ ಹೆಸರಿಗೂ ಕಾಗದ ಜೋಡಿಸಬೇಕು. ನೇಮಕಾತಿ ಪತ್ರ, ಐಡಿ ಕಾರ್ಡ್ ಅಥವಾ ಫೀ ಕಟ್ಟಿದ ರಸೀದಿ, ಏನಾದರೂ ಒಂದು.

ನಮ್ಮದು ಗದಗ ಜಿಲ್ಲೆಯ ಒಂದು ಚಿಕ್ಕ ಊರಿನ ಡಿಗ್ರಿ ಕಾಲೇಜು. ಬಿ.ಎ., ಬಿ.ಕಾಂ. ಎರಡೇ ಕೋರ್ಸ್. ನಾನು ಅಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. 2024ರ ದೀಪಾವಳಿ ಮುಗಿದ ಕೂಡಲೇ ಪ್ರಿನ್ಸಿಪಾಲರು ಕರೆದು, "ಹುಡುಗ್ರು ನಿಮಗ ಹತ್ರ ಅದಾರ್ರಿ ಮೇಡಂ, ಈ ಹಾಳಿ ನೀವ ತುಂಬ್ರಿ" ಅಂದರು. ಡಿಸೆಂಬರ್ ಕೊನೆಯೊಳಗೆ ಕಳಿಸಬೇಕಿತ್ತು. ಅತಿಥಿಗಳಿಗೆ ಪಾಠದ ಜೊತೆ ಫೈಲು ಬರುವುದು ಹೊಸದಲ್ಲ. ಆದರೆ ಈ ಫೈಲು ಬೇರೆಯವುಗಳ ಹಾಗೆ ಕೂತಲ್ಲೇ ತುಂಬುವಂಥದ್ದಲ್ಲ. 60 ಚಿಲ್ಲರೆ ಮಂದಿಯನ್ನು ಹುಡುಕಬೇಕು.

ಆ ಬ್ಯಾಚ್ ಸೇರಿದ್ದು 2021ರಲ್ಲಿ. ಹೊಸ ಶಿಕ್ಷಣ ನೀತಿ ರಾಜ್ಯಕ್ಕೆ ಬಂದ ಮೊದಲ ವರ್ಷ. ಪ್ರವೇಶ, ಪರೀಕ್ಷೆ ಎಲ್ಲ ರಾಜ್ಯ ಸರ್ಕಾರದ ಯುಯುಸಿಎಂಎಸ್ ಪೋರ್ಟಲ್‌ಗೆ ಹೋದದ್ದೂ ಅದೇ ವರ್ಷ. ಓಟಿಪಿ ಬರಬೇಕಲ್ಲ, ಆ ಗಳಿಗೆಯಲ್ಲಿ ಯಾರ ಕೈಯಲ್ಲಿ ಮೊಬೈಲ್ ಇತ್ತೋ ಅವರ ನಂಬರ್ ಕೊಟ್ಟಿದ್ದರು. ಅಣ್ಣನದು, ಚಿಗವ್ವನ ಮಗನದು, ಗೆಳೆಯನದು. ಅರ್ಧ ನಂಬರ್ ಹೋಗಲೇ ಇಲ್ಲ. ಬೇರೆ ಬೇರೆ ಮೂರು ಹೆಸರಿನ ಮುಂದಿದ್ದ ಒಂದೇ ನಂಬರಿಗೆ ಹಚ್ಚಿದಾಗ ಊರಿನ ಜೆರಾಕ್ಸ್ ಅಂಗಡಿಯವರು ಎತ್ತಿದರು. "ನಮ್ಮ ನಂಬರ್ ಭಾಳ ಮಂದಿ ಫಾರ್ಮಿನ್ಯಾಗ ಐತ್ರಿ" ಅಂತ ನಕ್ಕರು.

ಕೊನೆಗೆ ನನಗೆ ಎಲ್ಲರಿಗಿಂತ ಜಾಸ್ತಿ ನೆರವಾದವರು ಅವರೇ. ಪಾಸಾದ ಮೇಲೆ ಹುಡುಗರು ಕಾಲೇಜಿಗೆ ಬರುವುದು ಟಿ.ಸಿ.ಗೆ ಒಮ್ಮೆ, ಮಾರ್ಕ್ಸ್ ಕಾರ್ಡಿಗೆ ಒಮ್ಮೆ. ಆ ಅಂಗಡಿಗೆ ಹೋಗುವುದು ತಿಂಗಳಿಗೆ ಎರಡು ಸಲವಾದರೂ. ಅರ್ಜಿ ಹಾಕುವುದು, ಜಾತಿ ಆದಾಯ ಪ್ರಮಾಣಪತ್ರ ತೆಗೆಸುವುದು, ಹಾಲ್ ಟಿಕೆಟ್ ಪ್ರಿಂಟ್ ಹಾಕಿಸುವುದು ಎಲ್ಲ ಅಲ್ಲೇ. ಯಾರು ಯಾವ ಹುದ್ದೆಗೆ ಅರ್ಜಿ ಹಾಕಿದ್ದಾರೆ, ಯಾರು ಧಾರವಾಡಕ್ಕೆ ಹೋದರು, ಯಾರ ಲಗ್ನಪತ್ರಿಕೆ ಅಚ್ಚಾಯಿತು, ಅವರಿಗೆ ಗೊತ್ತು. ನನ್ನ ಪಟ್ಟಿಯನ್ನು ಅವರ ಮುಂದೆ ಹಿಡಿದರೆ ಚಹಾ ಕುಡಿಯುವಷ್ಟರಲ್ಲಿ ಕಾಲುಭಾಗ ಹೆಸರುಗಳ ಮುಂದೆ ಊರು ಬಂದಿತ್ತು. ಈಗಿನ ನಂಬರನ್ನು ಮಾತ್ರ ಅವರು ಹುಡುಗರನ್ನೇ ಕೇಳಿ ಕೊಟ್ಟರು. ಅದು ನನಗೆ ಹಿಡಿಸಿತು.

ಫೋನ್ ಹಚ್ಚಿದರೆ ಇನ್ನೊಂದು ಗೋಳು. "ಈಗೇನು ಮಾಡಾಕತ್ತೀಪಾ?" ಅಂದ ಕೂಡಲೇ ಆಚೆಕಡೆ ಒಂದು ಕ್ಷಣ ಸುಮ್ಮನಾಗುತ್ತಿದ್ದರು. ಆಮೇಲೆ, "ಏನೂ ಇಲ್ರಿ ಮೇಡಂ. ಕೆಲಸ ಇಲ್ರಿ." ಒಬ್ಬರಲ್ಲ, ಇಬ್ಬರಲ್ಲ, ಸಾಲಾಗಿ ಎಲ್ಲರೂ. ಹಿಂದೆ ಅಂಗಡಿಯ ಸದ್ದು ಕೇಳುತ್ತಿರುತ್ತದೆ, ಯಾರೋ ಬಿಲ್ ಕೇಳುತ್ತಿರುತ್ತಾರೆ, ಆದರೂ ಕೆಲಸ ಇಲ್ಲ. ಒಬ್ಬ ಹುಡುಗಿ ಮೆಲ್ಲಗೆ ಕೇಳಿದಳು. "ಮೇಡಂ, ಇದು ಯುವನಿಧಿ ಬಗ್ಗೆ ಏನ್ರಿ? ಬಂದ್ ಆಗ್ತೈತೇನ್ರಿ?"

ಆಗ ತಿಳಿಯಿತು. ಡಿಗ್ರಿ ಮುಗಿಸಿ 180 ದಿನವಾದರೂ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ತಿಂಗಳಿಗೆ 3000 ರೂಪಾಯಿ ಕೊಡುತ್ತದೆ. ಹೆಚ್ಚೆಂದರೆ ಎರಡು ವರ್ಷ. ಮುಂದೆ ಓದುತ್ತಿದ್ದರೆ ಸಿಗುವುದಿಲ್ಲ, ಕೆಲಸವಿದ್ದರೂ ಸಿಗುವುದಿಲ್ಲ. ಕೆಲಸ ಇಲ್ಲ ಅಂತ ಆಗಾಗ ಪೋರ್ಟಲ್‌ನಲ್ಲಿ ಸ್ವಯಂ ಘೋಷಣೆ ಕೊಡುತ್ತಿರಬೇಕು. ಈ ಬ್ಯಾಚಿನವರಿಗೆ ಆಗಿನ್ನೂ 180 ದಿನದ ಲೆಕ್ಕ ನಡೆದಿತ್ತು. ಹಿಂದಿನ ವರ್ಷದವರಿಗೆ ದುಡ್ಡು ಬರುತ್ತಿತ್ತು. ಇಂಥ ಹೊತ್ತಿನಲ್ಲಿ ಕಾಲೇಜಿನಿಂದ ಫೋನ್ ಬಂದು "ಕೆಲಸ ಐತೇನು, ಸಂಬಳ ಎಷ್ಟು, ಯಾರ ಹತ್ರ" ಅಂತ ಕೇಳಿದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ಬಟ್ಟೆ ಅಂಗಡಿಯಲ್ಲಿ ಕಾಗದಪತ್ರ ಇಲ್ಲದ ಎಂಟು ಸಾವಿರದ ಕೆಲಸ. ನಾಳೆ ಇರುತ್ತದೋ ಇಲ್ಲವೋ ಗೊತ್ತಿಲ್ಲ. ಅದನ್ನು ನೌಕರಿ ಅಂತ ಬರೆಸಿ 3000 ಕಳೆದುಕೊಳ್ಳುವುದಕ್ಕೆ ಅವರೇನು ದಡ್ಡರೇ? ನಾನು ಆಮೇಲೆ ಮಾತಿನ ವರಸೆ ಬದಲಿಸಿದೆ. ಮೊದಲು ಮನೆ ಸುದ್ದಿ, ಆಮೇಲೆ "ಇದು ಬರೀ ಕಾಲೇಜಿನ ಫೈಲು", ಆಮೇಲೆ ಕೆಲಸದ ಮಾತು. ಆದರೂ ಕೆಲವರು ಹೇಳಲಿಲ್ಲ. ಒತ್ತಾಯ ಮಾಡಲು ನನಗೂ ಮನಸ್ಸಾಗಲಿಲ್ಲ.

ರೋಣದ ಕಡೆಯ ಹುಡುಗನದು ಇದಕ್ಕಿಂತ ಬೇರೆ. "ಮನ್ಯಾಗ ಸುಮ್ನ ಅದೀನ್ರಿ ಮೇಡಂ" ಅಂದ. ಹಿಂದೆ ರಾಶಿ ಮಷೀನಿನ ಗದ್ದಲಕ್ಕೆ ಅವನ ಮಾತೇ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಅವ್ವ ಫೋನ್ ಇಸಿದುಕೊಂಡರು. "ಸುಮ್ನೆಲ್ಲಿ ಅದಾನ್ರಿ ಅಕ್ಕಾರ? ಹೊಲಾ ಪೂರಾ ಅವನ ನೋಡ್ತಾನ. ಅವರಪ್ಪಗ ಮಂಡಿನೋವು. ಗೋವಿನಜೋಳ ರಾಶಿ ನಡದೈತ್ರಿ." ಹತ್ತು ಎಕರೆ ಎರಿ ಹೊಲ. ಮುಂಗಾರಿಗೆ ಗೋವಿನಜೋಳ, ಹೆಸರುಕಾಳು, ಹಿಂಗಾರಿಗೆ ಕಡಲೆ. ಟ್ರ್ಯಾಕ್ಟರ್ ಸಾಲದ ಕಂತು ಕಟ್ಟುವವನೂ ಅವನೇ. ಅವನ ಬಾಯಲ್ಲಿ ಮಾತ್ರ ಏನೂ ಮಾಡುತ್ತಿಲ್ಲ. ಹೊಲ ಮಾಡುತ್ತೇನೆ ಅಂದರೆ ಡಿಗ್ರಿ ದಂಡವಾಯಿತು ಅಂತ ಮಂದಿ ಅಂದುಕೊಳ್ಳುತ್ತಾರೆ ಅನ್ನುವ ಅಳುಕು ಅವನಿಗೆ. ಹಾಳೆಯಲ್ಲಿ ಕೆಲಸ ಕೊಟ್ಟವರ ಹೆಸರು ಅನ್ನುವಲ್ಲಿ ಏನು ಬರೆಯಲಿ? ಅವರಪ್ಪನ ಹೆಸರು ಬರೆದು ಸಂಬಳ ಸೊನ್ನೆ ಅಂತ ಹಾಕೋಣ ಅಂತ ನಾನೂ ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಸಮಿತಿಯ, ಅಂದರೆ ಐಕ್ಯೂಎಸಿಯ, ಸರ್ರೂ ಸುಮ್ನೆ ನಕ್ಕೆವು. ಅವನ ಸಾಲು ಖಾಲಿ ಹೋಯಿತು.

ಹುಡುಗಿಯರ ಕತೆ ಹೇಳಲು ಹೊರಟರೆ ಮುಗಿಯುವುದಿಲ್ಲ. ಹಳೆ ನಂಬರಿಗೆ ಹಚ್ಚಿದರೆ ಅಪ್ಪ ಎತ್ತುತ್ತಾರೆ. "ಲಗ್ನ ಆತ್ರಿ. ಬ್ಯಾಡಗಿಗೆ ಕೊಟ್ಟೇವ್ರಿ." ಹೊಸ ನಂಬರ್ ಕೇಳಿದರೆ ಗಂಡನ ನಂಬರ್ ಸಿಗುತ್ತದೆ. ಗಂಡ ಕೆಲಸದಲ್ಲಿರುತ್ತಾನೆ, ಸಂಜೆ ಹಚ್ಚಿ ಅನ್ನುತ್ತಾನೆ. ಸಂಜೆ ಅತ್ತೆ ಎತ್ತುತ್ತಾರೆ. ಅವರಿಗೆ ನಾನು ಯಾರು, ಯಾಕೆ, ಏನು ಅಂತ ಪೂರ್ತಿ ಹೇಳಿದ ಮೇಲೆ ಹುಡುಗಿಯ ಕೈಗೆ ಫೋನ್ ಬರುತ್ತದೆ. ನನ್ನ ದನಿ ಕೇಳಿ ಕೆಲವರಿಗೆ ಎಷ್ಟು ಖುಷಿಯಾಯಿತೆಂದರೆ ಕೇಳಬೇಕಾದ್ದನ್ನೇ ನಾನು ಮರೆಯುತ್ತಿದ್ದೆ. ಒಬ್ಬಳು ಬಿ.ಎಡ್. ಮಾಡಿಸುತ್ತೇವೆ ಅಂತ ನಿಶ್ಚಯದ ದಿನವೇ ಮಾತು ತೆಗೆದುಕೊಂಡಿದ್ದಳು. ಸೀಟಿಗೆ ಅರ್ಜಿ ಹಾಕಿ ಕೌನ್ಸೆಲಿಂಗ್‌ಗೆ ಕಾಯುತ್ತಿದ್ದಳು. "ಮೇಡಂ, ನೀವೊಮ್ಮೆ ನಮ್ಮತ್ತಿ ಮುಂದ ಬಿ.ಎಡ್. ಬಗ್ಗೆ ಮಾತಾಡ್ರಿ. ಟೀಚರ್ ಹೇಳಿದ್ರ ಕೇಳ್ತಾರ" ಅಂದಳು. ಮಾತಾಡಿದೆ. ಎರಡು ವರ್ಷದ ಕೋರ್ಸ್, ಆಮೇಲೆ ಶಿಕ್ಷಕರ ಅರ್ಹತೆಯ ಪರೀಕ್ಷೆ ಟಿಇಟಿ, ಆಮೇಲೆ ಸರ್ಕಾರ ಶಿಕ್ಷಕರನ್ನು ಕರೆದರೆ ಪರೀಕ್ಷೆ. ಇಷ್ಟನ್ನೂ ಅತ್ತೆ ಸಮಾಧಾನದಿಂದ ಕೇಳಿ, "ಅಲ್ಲೀಮಟ ನಾ ಇರಬೇಕಲ್ಲವಾ" ಅಂದರು. ಆದರೂ ಬೇಡ ಅನ್ನಲಿಲ್ಲ.

ಮುಂದೆ ಓದಲು ಹೋದವರದು ಸುಲಭ. ಧಾರವಾಡದ ಪಾವಟೆ ನಗರದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ., ಎಂ.ಕಾಂ. ಸೇರಿದವರು, ಗದಗದ ನಾಗಾವಿಯಲ್ಲಿರುವ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ ಸೇರಿದವರು ಕೇಳಿದ ದಿನವೇ ಐಡಿ ಕಾರ್ಡಿನ ಫೋಟೊ ಕಳಿಸಿದರು. ನಾನು ಓದಿದ ಕಾಲೇಜು ನನ್ನನ್ನೂ ಹೀಗೇ ಚಂದವಾಗಿ ಆ ಹಾಳೆಗೆ ಸೇರಿಸಿರಬೇಕು. ಎಂ.ಎ. ಮುಗಿದ ಮೇಲೆ ನನಗೇನಾಯಿತು ಅಂತ ಯಾರೂ ಕೇಳಿಲ್ಲ ಬಿಡಿ.

ನೌಕರಿಯ ಹಾಳೆಗೆ ಸರಿಯಾಗಿ ಕೂತವನು ಒಬ್ಬ ಬಿ.ಕಾಂ. ಹುಡುಗ. ಒಂದು ಮೈಕ್ರೋಫೈನಾನ್ಸ್ ಕಂಪನಿಯಲ್ಲಿ ಫೀಲ್ಡ್ ಆಫೀಸರ್. ನೇಮಕಾತಿ ಪತ್ರ, ಐಡಿ ಕಾರ್ಡ್, ಸಂಬಳದ ಚೀಟಿ ಎಲ್ಲ ಇತ್ತು. ಐಕ್ಯೂಎಸಿಯ ಸರ್‌ಗೆ ಭಾಳ ಸಂತೋಷ. ಅವನಿಗೆ ಮಾತ್ರ ಇರಲಿಲ್ಲ. ಸವಣೂರು, ಶಿಗ್ಗಾಂವಿ ಕಡೆಯ ಹಳ್ಳಿಗಳು ಅವನ ಪಾಲಿಗೆ. ಬೆಳಿಗ್ಗೆ ಏಳಕ್ಕೆಲ್ಲ ಯಾರದೋ ಮನೆ ಪಡಸಾಲೆಯಲ್ಲಿ ಹೆಣ್ಣುಮಕ್ಕಳ ಗುಂಪು ಸೇರಬೇಕು. ವಾರದ ಕಂತು ಎಣಿಸಿಕೊಳ್ಳಬೇಕು. ಒಬ್ಬರು ತರದಿದ್ದರೆ ಉಳಿದವರು ಹಾಕಿ ಕೊಡುವವರೆಗೆ ಅಲ್ಲಿಂದ ಏಳುವ ಹಾಗಿಲ್ಲ ಅಂತ ಮೇಲಿನವರು ಹೇಳಿದ್ದರಂತೆ. "ನಮ್ಮವ್ವನ ವಯಸ್ಸಿನವರ್ರಿ ಮೇಡಂ. ಕಟ್ಟೀಮ್ಯಾಗ ಕುಂತು ಕಾಯೋದು ನನಗ ಆಗಂಗಿಲ್ರಿ" ಅಂದ. ಅವನ ಸ್ವಂತ ಮನೆಯಲ್ಲೂ ಅಂಥದೇ ಸಾಲ ಇತ್ತು.

2025ರ ಫೆಬ್ರುವರಿಯಲ್ಲಿ, ಸಾಲ ವಸೂಲಿಗೆ ಕಿರುಕುಳ ಕೊಡುವುದರ ವಿರುದ್ಧ ರಾಜ್ಯದಲ್ಲಿ ಸುಗ್ರೀವಾಜ್ಞೆ ಬಂತು. ಆ ವಾರವೇ ಅವನು ತಾನಾಗಿ ಫೋನ್ ಮಾಡಿದ. ಕೆಲಸ ಬಿಟ್ಟಿದ್ದ. "ಹಳ್ಳಿಗೆ ಹೋದ್ರ ಈಗ ಅವರು ನಮಗ ಜೋರು ಮಾಡ್ತಾರ್ರಿ. ಅದು ಸರಿನೂ ಐತಿ" ಅಂದ. ನಮ್ಮ ವರದಿ ಅಷ್ಟೊತ್ತಿಗೆ ಹೋಗಿಯಾಗಿತ್ತು. ಅದರಲ್ಲಿ ಅವನು ಇಂದಿಗೂ ನೌಕರಿಯಲ್ಲಿದ್ದಾನೆ.

ಇನ್ನೊಬ್ಬ ಹುಡುಗನ ನೌಕರಿ ಇವನದಕ್ಕಿಂತ ಗಟ್ಟಿ, ಆದರೆ ಅವನು ಪಟ್ಟಿಗೇ ಬರಲಿಲ್ಲ. ಐದನೇ ಸೆಮಿಸ್ಟರಿನಲ್ಲಿ ಅಗ್ನಿವೀರನಾಗಿ ಆಯ್ಕೆಯಾಗಿ ಕಾಲೇಜು ಬಿಟ್ಟ. ಪಾಸಾಗಿ ಹೊರಗೆ ಹೋದವರನ್ನು ಮಾತ್ರ ಎಣಿಸಬೇಕಲ್ಲ.

ಗಜೇಂದ್ರಗಡದ ಹುಡುಗಿಯ ಮನೆಯಲ್ಲಿ ಮಗ್ಗ ಇದೆ. ಪಟ್ಟೇದ ಅಂಚಿನ ಸೀರೆ ನೇಯುತ್ತಾರೆ. ಅಪ್ಪ ನೇಯುವುದು, ಇವಳು ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಹಾಕಿ ಮಾರುವುದು. ಬೆಂಗಳೂರಿಗೂ ಪಾರ್ಸಲ್ ಹೋಗುತ್ತದೆ. ಅವಳೂ ಮೊದಲು "ಮನ್ಯಾಗ ಅದೀನ್ರಿ" ಅಂದವಳೇ. ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿಕೊಂಡರೆ ಅದೇ ದಾಖಲೆ ಆಗುತ್ತದೆ, ಆಧಾರ್, ಪ್ಯಾನ್ ಇದ್ದರೆ ಸಾಕು, ದುಡ್ಡು ಕಟ್ಟಬೇಕಿಲ್ಲ ಅಂತ ಹೇಳಿದೆ. "ಮಾಡ್ಸಿದ್ರ ಟ್ಯಾಕ್ಸ್ ಬರ್ತೈತೇನ್ರಿ?" ಅನ್ನುವುದು ಅವಳ ಮೊದಲ ಪ್ರಶ್ನೆ. ಬರುವುದಿಲ್ಲ ಅಂತ ತಿಳಿಸಿ ಹೇಳಬೇಕಾಯಿತು. ಆ ಪ್ರಮಾಣಪತ್ರ ನಮ್ಮ ಫೈಲಿಗೆ ಬಂತು. ಅವಳಿಗೂ ಉಪಯೋಗವಾಯಿತು, ಎರಡನೇ ಮಗ್ಗಕ್ಕೆ ಸಾಲ ಕೇಳಲು ಬ್ಯಾಂಕಿಗೆ ಅದನ್ನೇ ಹಿಡಿದುಕೊಂಡು ಹೋದಳು.

ಇಷ್ಟಾದರೂ ಪಟ್ಟಿಯಲ್ಲಿ ದೊಡ್ಡ ಗುಂಪೊಂದು ಉಳಿದೇ ಇತ್ತು. ಜೆರಾಕ್ಸ್ ಅಂಗಡಿಯವರು ಆ ಹೆಸರುಗಳ ಮುಂದೆಲ್ಲ ಒಂದೇ ಊರು ಬರೆಸಿದ್ದರು. ಧಾರವಾಡ. ಫೋನಿನಲ್ಲಿ ಅವರ್ಯಾರೂ ಸರಿಯಾಗಿ ಮಾತಾಡಲಿಲ್ಲ. "ಓದಾಕತ್ತೀನ್ರಿ" ಅಂತ ಇಟ್ಟುಬಿಡುತ್ತಿದ್ದರು. ಹಾಗಾಗಿ ನವೆಂಬರ್‌ನ ಒಂದು ಭಾನುವಾರ ನಾನೇ ಹೋದೆ. ಗದಗದಿಂದ ಹುಬ್ಬಳ್ಳಿ, ಅಲ್ಲಿಂದ ಚಿಗರಿ ಬಸ್ಸಿನಲ್ಲಿ ಧಾರವಾಡ. ಜ್ಯುಬಿಲಿ ಸರ್ಕಲ್‌ನಲ್ಲಿ ಇಳಿದು ಸಪ್ತಾಪುರಕ್ಕೆ ನಡೆದೆ.

ಸಪ್ತಾಪುರ ನೋಡದವರಿಗೆ ಹೇಳಬೇಕು. ಪಿಎಸ್‌ಐ, ಎಫ್‌ಡಿಎ, ಎಸ್‌ಡಿಎ, ಪಿಡಿಒ, ಕೆಎಎಸ್ ಅಂತ ಸರ್ಕಾರಿ ಹುದ್ದೆಗಳ ಹೆಸರಿನ ಬೋರ್ಡಿನ ಮೇಲೆ ಬೋರ್ಡು. ಕೋಚಿಂಗ್ ಸೆಂಟರ್, ಪಿಜಿ, ಖಾನಾವಳಿ, ಪುಸ್ತಕದಂಗಡಿ, ಮತ್ತೆ ಲೈಬ್ರರಿಗಳು. ಲೈಬ್ರರಿ ಅಂದರೆ ಪುಸ್ತಕ ಇರುವ ಜಾಗ ಅಲ್ಲ. ತಿಂಗಳಿಗಿಷ್ಟು ಅಂತ ಕೊಟ್ಟರೆ ಒಂದು ಕುರ್ಚಿ, ಒಂದು ಟೇಬಲ್, ಒಂದು ನಂಬರ್. ಬೆಳಿಗ್ಗೆಯಿಂದ ರಾತ್ರಿವರೆಗೆ ಅಲ್ಲಿ ಕೂತು ಓದುವುದು. ಗದಗ, ಹಾವೇರಿಯವರು ಬಿಡಿ, ರಾಯಚೂರು, ಯಾದಗಿರಿ, ಕೊಪ್ಪಳದಿಂದಲೂ ಬಂದು ಕೂತಿದ್ದಾರೆ.

ನಮ್ಮ ಹುಡುಗರದು ಮಾಳಿಗೆ ಮೇಲಿನ ಒಂದು ಖೋಲಿ. ಬೆಳಿಗ್ಗೆ ಕರ್ನಾಟಕ ಕಾಲೇಜಿನ ಮೈದಾನದಲ್ಲಿ 1600 ಮೀಟರ್ ಓಡಿ ಬಂದು ಮಲಗಿದ್ದರು. ನಾನು ಬರುತ್ತೇನೆ ಅಂತ ಗೊತ್ತಿದ್ದರೂ ಗಾಬರಿಯಾಗಿ ಎದ್ದು ಹಾಸಿಗೆ ಸುತ್ತಿದರು. ಒಬ್ಬ ಸ್ಟ್ಯಾಂಡಿಗೆ ಹೋಗಿದ್ದ. ಊರಿನ ಬಸ್ಸಿನಲ್ಲಿ ರೊಟ್ಟಿ ಬುತ್ತಿ ಬರುತ್ತದೆ. ಅವ್ವಂದಿರು ಸರದಿ ಮೇಲೆ ಕಟ್ಟಿ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸುತ್ತಾರೆ. ಅವತ್ತು ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಜೊತೆಗೆ ಯಾರದೋ ಮನೆಯ ದೀಪಾವಳಿಯ ಕರದಂಟು ಬಂತು. ನನಗೂ ಹಾಕಿಕೊಟ್ಟರು.

ಊಟ ಮಾಡುತ್ತ ಒಬ್ಬ ಹೇಳಿದ. "ನಾವು ಹಬ್ಬಕ್ಕ ಊರಿಗೆ ಹೋಗಿಲ್ರಿ. ಹೋದ್ರ ಎಲ್ಲಾರೂ ಒಂದ ಕೇಳ್ತಾರ, ಏನ್ ಮಾಡಾಕತ್ತಿ ಅಂತ." ನಾನೂ ಅದನ್ನೇ ಕೇಳಲು ಅಷ್ಟು ದೂರದಿಂದ ಬಂದಿದ್ದೆ. ಹಾಳೆಯನ್ನು ಚೀಲದಿಂದ ತೆಗೆಯಲಿಲ್ಲ.

ತೆಗೆದಿದ್ದರೂ ಬರೆಯುವುದೇನು? ಅವರು ಯಾವ ವಿಶ್ವವಿದ್ಯಾಲಯಕ್ಕೂ ಸೇರಿಲ್ಲ, ಹಾಗಾಗಿ ಓದುತ್ತಿಲ್ಲ. ದಿನಕ್ಕೆ ಹತ್ತು ತಾಸು ಓದುವುದು ಲೆಕ್ಕಕ್ಕಿಲ್ಲ. ಒಬ್ಬ ಕೋಚಿಂಗ್ ಸೆಂಟರಿನಲ್ಲಿ ಟೆಸ್ಟ್ ಪೇಪರ್ ತಿದ್ದಿ ತನ್ನ ಫೀ ಮನ್ನಾ ಮಾಡಿಸಿಕೊಂಡಿದ್ದ. ಇನ್ನೊಬ್ಬ ಸಂಜೆ ಹೊತ್ತು ಬೈಕಿನಲ್ಲಿ ಊಟದ ಡೆಲಿವರಿಗೆ ಹೋಗುತ್ತಿದ್ದ, ಮನೆಯಲ್ಲಿ ಹೇಳಿರಲಿಲ್ಲ. ಇವೂ ನೌಕರಿ ಅಲ್ಲ.

ಆ ಖೋಲಿಯ ಹಿರಿಯ ನಮ್ಮ ಕಾಲೇಜಿನವನೇ, 2020ರಲ್ಲಿ ಪಾಸಾದವನು. ಎಲ್ಲರೂ ಅವನಿಗೆ ಅಣ್ಣಾ ಅನ್ನುತ್ತಿದ್ದರು. 2021ರ ಅಕ್ಟೋಬರ್‌ನಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಬರೆದಿದ್ದ. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಆ ನೇಮಕಾತಿ ರದ್ದಾಯಿತು. ಮರುಪರೀಕ್ಷೆ ಆಗಲು 2024ರ ಜನವರಿ ಬಂತು. ಅಲ್ಲಿಯವರೆಗೆ ಅದೇ ಖೋಲಿ, ಅದೇ ಪುಸ್ತಕ. ಮರುಪರೀಕ್ಷೆಯಲ್ಲೂ ಅವನಿಗೆ ಆಗಲಿಲ್ಲ. ನಾನು ಹೋದಾಗ 1000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಸೆಪ್ಟೆಂಬರ್‌ನಲ್ಲಿ ಕಡ್ಡಾಯ ಕನ್ನಡ, ಅಕ್ಟೋಬರ್ 27ಕ್ಕೆ ಮುಖ್ಯ ಪರೀಕ್ಷೆ. ಪಿಯುಸಿ ಆದವರು ಬರೆಯಬಹುದಾದ ಪರೀಕ್ಷೆ ಅದು. ಬರೆದವರಲ್ಲಿ ಡಿಗ್ರಿ, ಎಂ.ಎ., ಬಿ.ಇ. ಆದವರೆಲ್ಲ ಇದ್ದರು.

ಆ ಮುಖ್ಯ ಪರೀಕ್ಷೆಯ ಮರುದಿನವೇ ಸರ್ಕಾರದ ಇನ್ನೊಂದು ತೀರ್ಮಾನ ಬಂದಿತ್ತು. ಪರಿಶಿಷ್ಟ ಜಾತಿಗಳ ಒಳಮೀಸಲಾತಿಯ ವರದಿ ಬರುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಇಲ್ಲ. ಖೋಲಿಯ ತುಂಬ ಅದೇ ಮಾತು. ಒಳಮೀಸಲಾತಿ ಬೇಕು ಅನ್ನುವವರೂ ಅಲ್ಲಿದ್ದರು, ಅದರಲ್ಲಿ ತಕರಾರಿರಲಿಲ್ಲ. "ಆದ್ರ ವಯಸ್ಸು ನಿಲ್ಲಂಗಿಲ್ಲಲ್ರಿ ಮೇಡಂ" ಅಂದ ಒಬ್ಬ. ಖೋಲಿ ಬಾಡಿಗೆಯೂ ನಿಲ್ಲುವುದಿಲ್ಲ ಅಂತ ಇನ್ನೊಬ್ಬ ಸೇರಿಸಿದ. ಅವರು ಲೆಕ್ಕ ಹಾಕುತ್ತಿದ್ದುದನ್ನು ಕೇಳಿದರೆ, ಇದೇ ವರ್ಷ ಪಾಸಾದವನೂ 2027, 2028ರ ಮಾತಾಡುತ್ತಿದ್ದ. ಸುಮ್ನೆ ನಿರಾಸೆಯ ಮಾತಲ್ಲ ಅದು. ಅಧಿಸೂಚನೆ, ಪರೀಕ್ಷೆ, ಕೀ ಉತ್ತರ, ಆಕ್ಷೇಪಣೆ, ಕೋರ್ಟು, ಆಯ್ಕೆ ಪಟ್ಟಿ, ದಾಖಲೆ ಪರಿಶೀಲನೆ ಇಷ್ಟೂ ಮುಗಿಯಲು ಎಷ್ಟು ಕಾಲ ಬೇಕು ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಅಲ್ಲಿಂದ ಬರುವಾಗ ನನಗೆ ಈ ಹಾಳೆಯ ತೊಡಕು ಏನು ಅಂತ ಸ್ಪಷ್ಟವಾಯಿತು. ಅದು ಕೇಳುವ ಪ್ರಶ್ನೆ ತಪ್ಪಲ್ಲ. ಕಾಲೇಜು ಓದಿ ಏನಾದರು ಅಂತ ಕೇಳಲೇಬೇಕು. ಆದರೆ ಕೇಳುವುದು ಪಾಸಾದ ವರ್ಷ ಮಾತ್ರ. ನಮ್ಮ ಕಡೆಯ ಹುಡುಗ ಹುಡುಗಿಯರು ಒಂದು ದಡ ಮುಟ್ಟುವುದು ನಾಲ್ಕನೇ ವರ್ಷಕ್ಕೋ ಐದನೇ ವರ್ಷಕ್ಕೋ. ಅಷ್ಟೊತ್ತಿಗೆ ಅವರ ಹಾಳೆ ಮುಚ್ಚಿರುತ್ತದೆ. ದೊಡ್ಡ ಊರಿನ ಕಾಲೇಜಿಗೆ ಕಂಪನಿಗಳೇ ಬಂದು ಕೊನೆ ಸೆಮಿಸ್ಟರಿನಲ್ಲಿ ಆರಿಸಿಕೊಂಡು ಹೋಗುತ್ತವೆ, ಅವರಿಗೆ ಈ ಹಾಳೆ ಸರಿ ಹೊಂದುತ್ತದೆ. ನಮ್ಮಲ್ಲಿಗೆ ಬಂದದ್ದು ಆ ಮೈಕ್ರೋಫೈನಾನ್ಸ್ ಕಂಪನಿ ಒಂದೇ.

ಡಿಸೆಂಬರ್ ಕೊನೆಗೆ ವರದಿ ಹೋಯಿತು. ನೌಕರಿ ಹಾಳೆಯಲ್ಲಿ ಹೆಸರು ಕಡಿಮೆ. ಕಾಗದ ಸಿಕ್ಕವರ ಹೆಸರನ್ನು ಮಾತ್ರ ನಾನು ಹಾಕಿದೆ. ಗೆಳೆಯರ ಅಂಗಡಿಗಳಿಂದ ಲೆಟರ್‌ಹೆಡ್ ತರಿಸಿ ತುಂಬಿದರಾಯಿತು ಅಂತ ಸಲಹೆ ಕೊಟ್ಟವರೂ ಇದ್ದರು. ಪ್ರಿನ್ಸಿಪಾಲರು ಅದಕ್ಕೆ ಒಪ್ಪಲಿಲ್ಲ. ಅವರ ಬಗ್ಗೆ ನನಗೆ ಬೇರೆ ತಕರಾರುಗಳಿವೆ, ಆದರೆ ಇದನ್ನು ಹೇಳಲೇಬೇಕು.

ಫೋನುಗಳು ಮಾತ್ರ ನಿಲ್ಲಲಿಲ್ಲ. ನಾನು ಹಚ್ಚುವುದು ಮುಗಿದ ಮೇಲೆ ಅವರು ಹಚ್ಚತೊಡಗಿದರು. ಮಾರ್ಕ್ಸ್ ಕಾರ್ಡಿನಲ್ಲಿ ತಂದೆ ಹೆಸರು ತಪ್ಪಾಗಿದೆ, ಎಲ್ಲಿ ಕೊಡಬೇಕು? ಡಿಜಿಲಾಕರ್‌ನಲ್ಲಿ ಆರನೇ ಸೆಮಿಸ್ಟರ್ ಕಾಣುತ್ತಿಲ್ಲ. ಕೆಸೆಟ್‌ಗೆ ಯಾವ ಪುಸ್ತಕ? ಬಿ.ಎಡ್. ಸೀಟು ಸಿಕ್ಕಿತು ಮೇಡಂ, ಅತ್ತಿಯವರೇ ಫೀ ಕೊಟ್ಟರು. ಪಾಸಾದವರಿಗೆ ಕಾಲೇಜಿನಲ್ಲಿ ಫೋನ್ ಮಾಡಬಹುದಾದ ಒಬ್ಬರು ಇದ್ದಾರೆ ಅನ್ನುವುದೇ ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ, ಅಲ್ವಾ.

2025ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳ ಆಯ್ಕೆ ಪಟ್ಟಿ ಬಂದಾಗ ಸಪ್ತಾಪುರದ ಆ ಅಣ್ಣನ ಹೆಸರು ಅದರಲ್ಲಿತ್ತು. ಧಾರವಾಡ ಪೇಡೆಯ ಎರಡು ಡಬ್ಬಿ ಹಿಡಿದುಕೊಂಡು ಕಾಲೇಜಿಗೆ ಬಂದ. ಪ್ರಿನ್ಸಿಪಾಲರು ಅವನ ಬೆನ್ನು ತಟ್ಟಿ, ಫೋಟೊ ತೆಗೆಸಿ, ನನ್ನ ಕಡೆ ತಿರುಗಿ, "ಈ ಸಲದ ಫೈಲಿಗೆ ಹಾಕ್ರಿ ಮೇಡಂ" ಅಂದರು.

"ಬರಂಗಿಲ್ಲ ಸರ್. ಅವನು 2020ರ ಬ್ಯಾಚು."

"ಐದು ವರ್ಷ ಆತೇನು?" ಅಂತ ಸ್ವಲ್ಪ ಹೊತ್ತು ಅವನನ್ನೇ ನೋಡಿದರು. "ಹಂಗಾರ 2020ರಿಂದ ಈಚೆ ಎಲ್ಲಾರ್ದೂ ಬ್ಯಾರೆ ಒಂದು ಪಟ್ಟಿ ಮಾಡ್ರಿ."

"ಮಾಡಿ ಯಾರಿಗೆ ಕಳಿಸೋದು ಸರ್?"

"ಯಾರಿಗೂ ಬ್ಯಾಡ. ಅಡ್ಮಿಷನ್‌ಗೆ ಬಂದ ತಂದಿ ತಾಯಿ ಕೇಳ್ತಾರಲ್ಲ, ಇಲ್ಲಿ ಓದಿದವರು ಏನಾಗ್ಯಾರ ಅಂತ. ಅವರಿಗೆ ತೋರ್ಸೋಣು."

ಆ ಪಟ್ಟಿಯ ಕೆಲಸ ಈಗ ನಡೆದಿದೆ. ಅದರಲ್ಲಿ ರೋಣದ ಹುಡುಗನ ಹೆಸರಿನ ಮುಂದೆ ಹತ್ತು ಎಕರೆ ಅಂತ ಬರೆದಿದ್ದೇನೆ.